ಬಿದ್ದ ಯಂತ್ರದ ನಾಡಿ ಹಿಡಿದವರು

ಬ್ಯಾಂಕಿನ ಕೌಂಟರಿನ ಮುಂದೆ ನಿಂತವರಿಗೆಲ್ಲ ಪರಿಚಿತವಾದ ಮಾತೊಂದುಂಟು: "ಸರ್ವರ್ ಬಿದ್ದಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ." ಹಳಬರಿಗೆ ಸರ್ವರ್ ಎಂದರೆ ಹೋಟೆಲಿನಲ್ಲಿ ದೋಸೆ ತಂದಿಡುವಾತ. ಆತ ಬಿದ್ದನೆಂದರೆ ಕಾಲು ಜಾರಿತೆಂದೋ ನೆಲ ಒದ್ದೆಯಾಗಿತ್ತೆಂದೋ ಕಾರಣ ಕಣ್ಣಿಗೆ ಕಾಣುತ್ತದೆ. ಈ ಹೊಸ ಸರ್ವರ್ ಎಲ್ಲಿಯೋ ದೂರದ ತಣ್ಣನೆಯ ಕೋಣೆಯಲ್ಲಿ ಕುಳಿತ ಗಣಕಯಂತ್ರ. ಅದು ಏಕೆ ಬಿತ್ತೆಂಬುದು ಕಿಟಕಿಯ ಆಚೆ ಕುಳಿತವರಿಗೂ ತಿಳಿಯದು, ಈಚೆ ನಿಂತವರಿಗೂ ತಿಳಿಯದು. ಅರ್ಧ ಗಂಟೆಯಲ್ಲಿ ಯಾರೋ ಅದನ್ನು ಆರಿಸಿ ಮತ್ತೆ ಹೊತ್ತಿಸುತ್ತಾರೆ. ಏನೂ ಆಗಿಯೇ ಇಲ್ಲವೆಂಬಂತೆ ಅದು ಎದ್ದು ಕೂರುತ್ತದೆ. ನಾವೂ ಹಣ ತೆಗೆದುಕೊಂಡು ಮನೆಗೆ ಬರುತ್ತೇವೆ.

ಯಂತ್ರ ಬೀಳುವುದಕ್ಕೆ ಕಾರಣಗಳು ಹಲವು. ಅದಕ್ಕೆ ಕೆಲಸ ಹೇಳಿಕೊಟ್ಟ ಪ್ರೋಗ್ರಾಮಿನಲ್ಲಿಯೇ ತಪ್ಪಿದ್ದರೆ ಅದು ಬರೆದವರ ತಪ್ಪು. ಕುಳಿತು ಓದಿದರೆ ಇಂದಲ್ಲ ನಾಳೆ ಸಿಕ್ಕೀತು. ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಕತೆ. ಬರೆದ ಪ್ರೋಗ್ರಾಮು ನೆಟ್ಟಗಿದೆ, ಯಂತ್ರದ ಒಡಲಿನಲ್ಲಿಯೇ ಏನೋ ಕೆಟ್ಟಿದೆ. ಈ ಬೇನೆಯ ವಿಶೇಷವೆಂದರೆ ವೈದ್ಯ ಬರುವ ಹೊತ್ತಿಗೆ ರೋಗಿ ಎದ್ದು ಕುಳಿತು ಕಾಫಿ ಕುಡಿಯುತ್ತಿರುತ್ತಾನೆ. ನಾಡಿ ಹಿಡಿದು ನೋಡಿದರೆ ನಾಡಿ ಸರಿಯಾಗಿಯೇ ಇರುತ್ತದೆ. ಹೀಗೆ ಗುರುತು ಉಳಿಸದೆ ಬಂದು ಹೋಗುವ ಬೇನೆಯನ್ನು ಹಿಡಿಯಲು ಎಪ್ಪತ್ತೈದು ವರ್ಷಗಳಿಂದ ಜನ ಪಟ್ಟ ಪಾಡು ಸ್ವಾರಸ್ಯವಾದದ್ದು.

ಮೊದಮೊದಲು ಇಷ್ಟು ತೊಡಕಿರಲಿಲ್ಲ. ೧೯೪೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ಪರಿಚಯವಾದ 'ಎನಿಯಾಕ್' ಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದುವು, ನಮ್ಮ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದಂಥವು. ಒಂದು ವಾಲ್ವು ಸುಟ್ಟರೆ ಲೆಕ್ಕ ಕೆಟ್ಟಿತು. ಹುಡುಕಿ ಬದಲಾಯಿಸಿದರೆ ಮುಗಿಯಿತು. ಆ ಯಂತ್ರ ಒಂದೇ ಸಮನೆ ಕೆಡದೆ ನಡೆದ ಅತಿ ದೀರ್ಘ ಕಾಲ ೧೧೬ ಗಂಟೆ, ಅದೂ ೧೯೫೪ರಲ್ಲಿ. ಐದು ದಿನವೂ ತುಂಬಲಿಲ್ಲ! ಹಾರ್ವರ್ಡಿನವರು ಕಟ್ಟಿದ 'ಮಾರ್ಕ್ ೨' ಯಂತ್ರದಲ್ಲಿ ೧೯೪೭ರ ಸೆಪ್ಟೆಂಬರ್ ೯ರಂದು ರಿಲೇಯೊಂದರ ಸಂದಿಯಲ್ಲಿ ಸತ್ತ ಪತಂಗ ಸಿಕ್ಕಿತು. ಯಂತ್ರದ ದೋಷಕ್ಕೆ ಇಂಗ್ಲಿಷಿನಲ್ಲಿ 'ಬಗ್' ಅಂದರೆ ಹುಳು ಎನ್ನುವ ವಾಡಿಕೆ ಅದಕ್ಕೂ ಮೊದಲಿನದು. ಹುಳುವೇ ನಿಜವಾಗಿ ಸಿಕ್ಕಿದಾಗ ಅಲ್ಲಿದ್ದವರಿಗೆ ನಗು ಬಂದಿರಬೇಕು. ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ನಿಜವಾದ ಹುಳು ಸಿಕ್ಕಿದ ಮೊದಲ ಪ್ರಸಂಗ ಎಂದು ಪಕ್ಕದಲ್ಲಿ ಬರೆದಿಟ್ಟರು. ಪುಸ್ತಕವನ್ನೂ ಪತಂಗವನ್ನೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಜೋಪಾನ ಮಾಡಿದ್ದಾರೆ. ಕಾರಣವನ್ನು ಚಿಮಟದಲ್ಲಿ ಹಿಡಿದು ತೋರಿಸಬಹುದಾಗಿದ್ದ ಕಾಲ ಅದು.

ಅದೇ ೧೯೪೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ ಕೋಪ ಬಂದಿತು. ಅಲ್ಲಿಯ ರಿಲೇ ಗಣಕದಲ್ಲಿ ಒಂದು ಒಳ್ಳೆಯ ಕಟ್ಟಳೆಯಿತ್ತು. ಪ್ರತಿಯೊಂದು ಅಂಕಿಗೂ ಇಷ್ಟೇ ರಿಲೇಗಳು ಮುಚ್ಚಿರಬೇಕು; ಒಂದು ಹೆಚ್ಚಿದರೂ ಕಡಿಮೆಯಾದರೂ ಯಂತ್ರ ತಪ್ಪನ್ನು ತಾನೇ ತಿಳಿದು ನಿಲ್ಲುತ್ತಿತ್ತು. ವಾರದ ದಿನಗಳಲ್ಲಿ ನೋಡಿಕೊಳ್ಳುವವರು ಬಂದು ಸರಿಪಡಿಸುತ್ತಿದ್ದರು. ಶನಿವಾರ ಭಾನುವಾರ ಯಾರೂ ಇರುತ್ತಿರಲಿಲ್ಲ. ಆಗ ತಪ್ಪು ಕಂಡರೆ ಯಂತ್ರ ಆ ಕೆಲಸವನ್ನು ಅಲ್ಲಿಗೇ ಕೈಬಿಟ್ಟು ಮುಂದಿನವರ ಕೆಲಸಕ್ಕೆ ತೊಡಗುತ್ತಿತ್ತು. ಹ್ಯಾಮಿಂಗರಿಗೆ ಯಂತ್ರ ಸಿಗುತ್ತಿದ್ದುದು ವಾರದ ಕೊನೆಯಲ್ಲಿ ಮಾತ್ರ. ಎರಡು ವಾರ ಮೇಲಿಂದ ಮೇಲೆ ಸೋಮವಾರ ಬಂದು ನೋಡುತ್ತಾರೆ, ತಮ್ಮ ಲೆಕ್ಕ ಹಾಗೆಯೇ ಬಿದ್ದಿದೆ! ತಪ್ಪಾಗಿದೆಯೆಂದು ತಿಳಿಯಬಲ್ಲ ಯಂತ್ರಕ್ಕೆ ತಪ್ಪು ಎಲ್ಲಿ ಎಂದು ತಿಳಿಯಲು ಏಕೆ ಬಾರದು? ತಿಳಿದ ಮೇಲೆ ತಾನೇ ತಿದ್ದಿಕೊಳ್ಳಲು ಏಕೆ ಬಾರದು?

ಈ ಪ್ರಶ್ನೆಯ ಹಿಂದಿರುವ ಲೆಕ್ಕ ಕಷ್ಟದ್ದಲ್ಲ. ಮದುವೆಯ ಛತ್ರದ ಬಾಗಿಲಲ್ಲಿ ಬಿಟ್ಟಿರುವ ಚಪ್ಪಲಿಗಳನ್ನು ಎಣಿಸಿ ನೋಡಿ. ಸಮಸಂಖ್ಯೆ ಬರಬೇಕು. ಬೆಸ ಬಂದರೆ ಯಾರದೋ ಒಂದು ಚಪ್ಪಲಿ ಹೋಗಿರುವುದು ಖಂಡಿತ. ಯಾರದು ಎಂದು ಮಾತ್ರ ಹೇಳಲಾಗದು. ಎರಡು ಹೋಗಿದ್ದರೆ ಲೆಕ್ಕ ಮತ್ತೆ ಸಮವಾಗಿ ನಮ್ಮನ್ನು ಮೋಸಗೊಳಿಸುತ್ತದೆ. ಗಣಕದಲ್ಲಿ ಎಲ್ಲವೂ ಸೊನ್ನೆ ಒಂದುಗಳ ಸಾಲು. ಒಂದೊಂದು ಸಾಲಿಗೂ ಹೀಗೆ ಸಮ ಬೆಸದ ತಾಳೆ ನೋಡುವ ಹೆಚ್ಚಿನ ಅಂಕಿಯೊಂದನ್ನು ಕಟ್ಟುವುದಕ್ಕೆ ಪ್ಯಾರಿಟಿ ಎಂದು ಹೆಸರು. ಹ್ಯಾಮಿಂಗರು ಮಾಡಿದ್ದು ಇಷ್ಟು: ನಾಲ್ಕು ಅಂಕಿಗಳಿಗೆ ಒಂದರ ಬದಲು ಮೂರು ಕಾವಲಿನ ಅಂಕಿಗಳನ್ನು ಸೇರಿಸಿದರು. ಮೂವರು ಕಾವಲುಗಾರರೂ ಬೇರೆ ಬೇರೆ ನಾಲ್ಕು ಜಾಗಗಳ ಮೇಲೆ ಕಣ್ಣಿಡಬೇಕು. ಕೆಲವು ಜಾಗಗಳು ಇಬ್ಬರ ಕಣ್ಣಿಗೆ, ಒಂದು ಜಾಗ ಮೂವರ ಕಣ್ಣಿಗೂ ಬೀಳುತ್ತದೆ. ಮೂವರೂ ಸರಿ ಅಥವಾ ತಪ್ಪು ಎಂದು ಹೇಳಿದರೆ ಎಂಟು ಬಗೆಯ ಉತ್ತರಗಳಾದುವು. ಅವುಗಳಲ್ಲಿ ಒಂದು, 'ಎಲ್ಲವೂ ನೆಟ್ಟಗಿದೆ' ಎಂಬುದಕ್ಕೆ. ಉಳಿದ ಏಳು, ಏಳು ಜಾಗಗಳಲ್ಲಿ ಕೆಟ್ಟದ್ದು ಯಾವುದೆಂದು ಬೆರಳಿಟ್ಟು ತೋರಿಸುವುದಕ್ಕೆ. ಜಾಗ ತಿಳಿದರೆ ತಿದ್ದುವುದೇನು ಮಹಾ, ಸೊನ್ನೆಯಿದ್ದರೆ ಒಂದು, ಒಂದಿದ್ದರೆ ಸೊನ್ನೆ. ೧೯೫೦ರ ಏಪ್ರಿಲಿನಲ್ಲಿ ಈ ಲೇಖನ ಅಚ್ಚಾಯಿತು. ಇಂದಿನ ಸರ್ವರುಗಳ ಮೆಮೊರಿಯಲ್ಲಿ ೬೪ ಅಂಕಿಗಳ ಸಾಲಿಗೆ ೮ ಕಾವಲಿನ ಅಂಕಿಗಳನ್ನಿಡುವ ಪದ್ಧತಿ ಅದೇ ಮನೆತನದ್ದು. ಒಂದು ಅಂಕಿ ತಪ್ಪಿದರೆ ಸದ್ದಿಲ್ಲದೆ ತಿದ್ದುತ್ತದೆ. ಎರಡು ತಪ್ಪಿದರೆ ತಿದ್ದಲಾರದು, ಆದರೆ ತಪ್ಪಿದೆಯೆಂದು ಅರಿಯಬಲ್ಲದು. ಅರಿತು ಯಂತ್ರವನ್ನು ನಿಲ್ಲಿಸುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಾವು ಬೈದುಕೊಳ್ಳುವ ಆ ಬೀಳುವಿಕೆ ಎಷ್ಟೋ ಸಲ ಬೀಳುವಿಕೆಯಲ್ಲ, ಬೇಕೆಂದೇ ನಿಲ್ಲುವುದು. 'ನನ್ನ ನೆನಪಿನಲ್ಲಿ ಏನೋ ಎಡವಟ್ಟಾಗಿದೆ, ಇನ್ನು ನಾನು ಹೇಳುವ ಲೆಕ್ಕವನ್ನು ನಂಬಬೇಡಿ' ಎಂದು ಒಪ್ಪಿಕೊಂಡು ಯಂತ್ರ ಬಾಯಿ ಮುಚ್ಚುತ್ತದೆ. ನಮ್ಮ ಉಳಿತಾಯ ಖಾತೆಯ ಸೊನ್ನೆಗಳ ಸಂಖ್ಯೆಯನ್ನು ಅದು ಊಹೆಯ ಮೇಲೆ ಹೇಳುವುದಕ್ಕಿಂತ ಇದು ಲೇಸಲ್ಲವೆ? ನಿಲ್ಲುವ ಯಂತ್ರ ಒಂದು ಕಾಟವಾದರೆ, ನಿಲ್ಲದೆ ಸುಳ್ಳು ಹೇಳುವ ಯಂತ್ರ ಅದಕ್ಕಿಂತ ದೊಡ್ಡ ಕಾಟ. ಈ ಎರಡನೆಯದರ ಸಂಗತಿ ಮುಂದೆ ಬರುತ್ತದೆ.

ಆದರೆ ಕಾವಲುಗಾರರಿಗೂ ಸಂಬಳ ಕೊಡಬೇಕು. ಹೆಚ್ಚಿನ ಅಂಕಿಗಳೆಂದರೆ ಹೆಚ್ಚಿನ ಖರ್ಚು, ಅಲ್ಪ ಸ್ವಲ್ಪ ನಿಧಾನ ಕೂಡ. ಹಾಗಾಗಿ ವೇಗದ ಯಂತ್ರ ಕಟ್ಟುವವರಿಗೆ ಇದು ದಂಡವೆಂದು ತೋರಿದರೆ ಆಶ್ಚರ್ಯವಿಲ್ಲ. ೧೯೭೬ರಲ್ಲಿ ಸೀಮೋರ್ ಕ್ರೇ ಅವರ ಹೆಸರಾಂತ 'ಕ್ರೇ-೧' ಯಂತ್ರಗಳಲ್ಲಿ ಮೊದಲನೆಯದು ಲಾಸ್ ಅಲಾಮೋಸ್ ಪ್ರಯೋಗಶಾಲೆಗೆ ಪರೀಕ್ಷೆಗೆಂದು ಬಂದಾಗ ಅದರಲ್ಲಿದ್ದುದು ಬರಿಯ ಪ್ಯಾರಿಟಿ, ತಪ್ಪು ತಿದ್ದುವ ಸಾಮರ್ಥ್ಯವಿರಲಿಲ್ಲ. ಆರು ತಿಂಗಳ ಪರೀಕ್ಷೆಯಲ್ಲಿ ೧೫೨ ಸಲ ಪ್ಯಾರಿಟಿ ತಪ್ಪಿತು. ಮುಂದಿನ ಕ್ರೇ ಯಂತ್ರಗಳಿಗೆ ತಪ್ಪು ತಿದ್ದುವ ಕಾವಲನ್ನು ಸೇರಿಸಿದರು. ೧೫೨ ಸಲ ತಪ್ಪಿದ್ದೇಕೆ ಎಂಬುದರ ಲೆಕ್ಕ ಮಾತ್ರ ಸಿಕ್ಕಿದ್ದು ೨೦೧೦ರಲ್ಲಿ, ಕೆಲವು ವಿಜ್ಞಾನಿಗಳು ಆ ಹಳೆಯ ದಾಖಲೆಯನ್ನು ಮತ್ತೆ ತೆಗೆದು ನೋಡಿದಾಗ. ಲಾಸ್ ಅಲಾಮೋಸ್ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿರುವ ಊರು. ಊರಿನ ಎತ್ತರಕ್ಕೂ ಯಂತ್ರದ ಮರೆವಿಗೂ ಏನು ಸಂಬಂಧ? ಅದನ್ನು ಹೇಳುವ ಮೊದಲು ಮಣ್ಣಿನ ವಿಷಯ ಹೇಳಬೇಕು.

೧೯೭೦ರ ದಶಕದಲ್ಲಿ ಗಣಕದ ನೆನಪು ಸಿಲಿಕಾನ್ ಚಿಪ್ಪಿಗೆ ಇಳಿಯಿತು. ಒಂದೊಂದು ಅಂಕಿಗೂ ಒಂದೊಂದು ಪುಟ್ಟ ಬಾವಿ. ಬಾವಿಯಲ್ಲಿ ವಿದ್ಯುತ್ ಕಣಗಳು ತುಂಬಿದ್ದರೆ ಒಂದು ಅರ್ಥ, ಬರಿದಾಗಿದ್ದರೆ ಇನ್ನೊಂದು. ಬೆರಳಿನ ತುದಿಯಷ್ಟು ಚಿಪ್ಪಿನಲ್ಲಿ ೧೬,೩೮೪ ಬಾವಿಗಳು. ಇಂಟೆಲ್ ಕಂಪೆನಿಯವರು ಇಂಥ ಚಿಪ್ಪುಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಆಗೊಮ್ಮೆ ಈಗೊಮ್ಮೆ ಯಾವುದೋ ಒಂದು ಅಂಕಿ ತಾನಾಗಿ ತಿರುಗಿ ಕೂರುತ್ತಿತ್ತು. ಅದೇ ಬಾವಿಯಲ್ಲಿ ಮತ್ತೆ ಬರೆದು ಓದಿದರೆ ಏನೂ ಕೆಟ್ಟಿಲ್ಲ. ಮುಂದಿನ ಸಲ ತಪ್ಪುವುದು ಬೇರೆಲ್ಲಿಯೋ. ಏನೂ ಮುರಿಯದೆ ಆಗುವ ಈ ತಪ್ಪಿಗೆ 'ಮೆದು ದೋಷ' ಎನ್ನಬಹುದು. ಸುಟ್ಟ ವಾಲ್ವಿನಂಥದು ಗಟ್ಟಿ ದೋಷ.

ತಿಮತಿ ಮೇ ಮತ್ತು ಮರ್ರೇ ವುಡ್ಸ್ ಎಂಬಿಬ್ಬರು ಇಂಟೆಲ್‌ನಲ್ಲಿ ಇದರ ಬೆನ್ನು ಹತ್ತಿದರು. ೧೯೭೮ರ ಏಪ್ರಿಲಿನಲ್ಲಿ ಸ್ಯಾನ್ ಡಿಯಾಗೋದ ಸಮ್ಮೇಳನವೊಂದರಲ್ಲಿ ಅವರು ಕೊಟ್ಟ ಉತ್ತರ ಯಾರೂ ಎಣಿಸದಿದ್ದದ್ದು. ತಪ್ಪು ಚಿಪ್ಪಿನದಲ್ಲ, ಚಿಪ್ಪನ್ನು ಕೂರಿಸಿದ ಡಬ್ಬಿಯದು. ಡಬ್ಬಿ ಮಾಡುವ ಪಿಂಗಾಣಿಯಂಥ ಪದಾರ್ಥದಲ್ಲಿ ಯುರೇನಿಯಂ, ಥೋರಿಯಂಗಳ ಎಳ್ಳಿನಲ್ಲಿ ಎಳ್ಳಿನಷ್ಟು ಅಂಶ ಬೆರೆತಿತ್ತು. ಅದು ತನ್ನಷ್ಟಕ್ಕೆ ಆಲ್ಫಾ ಕಣಗಳನ್ನು ಉಗುಳುತ್ತದೆ. ಆಲ್ಫಾ ಕಣ ಬಹಳ ದೂರ ಹೋಗಲಾರದು, ಒಂದು ಹಾಳೆ ಕಾಗದ ಅಡ್ಡ ಹಿಡಿದರೂ ನಿಲ್ಲುತ್ತದೆ. ಹೊರಗಿನಿಂದ ಅದು ಚಿಪ್ಪಿನೊಳಕ್ಕೆ ಬರುವಂತಿಲ್ಲ. ಆದರೆ ಇಲ್ಲಿ ವೈರಿ ಮನೆಯ ಗೋಡೆಯಲ್ಲಿಯೇ ಇದ್ದ. ೫೦ ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಒಂದು ಆಲ್ಫಾ ಕಣ ಸಿಲಿಕಾನಿಗೆ ಹೊಕ್ಕು ನಿಲ್ಲುವಷ್ಟರಲ್ಲಿ ಸುಮಾರು ೧೪ ಲಕ್ಷ ಎಲೆಕ್ಟ್ರಾನುಗಳನ್ನು ಬಿಡಿಸಿ ಚೆಲ್ಲುತ್ತದೆ. ಬರಿದಾಗಿರಬೇಕಾದ ಬಾವಿ ತುಂಬಲು ಅಷ್ಟು ಸಾಕು. ಸೊನ್ನೆ ಒಂದಾಯಿತು, ಒಂದು ಸೊನ್ನೆಯಾಯಿತು, ಯಂತ್ರ ಬಿತ್ತು. ಕಣ ಮಾತ್ರ ಎಲ್ಲಿಯೂ ಸಿಕ್ಕದು. ಪತಂಗದ ಹಾಗೆ ಪುಸ್ತಕಕ್ಕೆ ಅಂಟಿಸುವಂತಿಲ್ಲ.

ಯುರೇನಿಯಂ ಡಬ್ಬಿಗೆ ಬಂದದ್ದಾದರೂ ಎಲ್ಲಿಂದ? ಈ ವಿಷಯದ ಇತಿಹಾಸ ಬರೆದವರು ಹೇಳುವ ಪ್ರಕಾರ ಡಬ್ಬಿಗಳನ್ನು ಮಾಡುವ ಹೊಸ ಕಾರ್ಖಾನೆ ಗ್ರೀನ್ ನದಿಯ ದಂಡೆಯಲ್ಲಿತ್ತು. ಮೇಲ್ಗಡೆ ಹಳೆಯ ಯುರೇನಿಯಂ ಗಣಿಯ ಕಸದ ರಾಶಿಯಿತ್ತು. ನದಿಯ ನೀರು ಕಾರ್ಖಾನೆಗೆ ಬರುತ್ತಿತ್ತು. ಲೆಕ್ಕದ ಯಂತ್ರವೊಂದು ಎಲ್ಲಿಯೋ ತಪ್ಪು ಹೇಳಿದರೆ ಅದರ ಬೇರು ನದಿಯ ನೀರಿನಲ್ಲಿ! ವೈದ್ಯರು ಕಾಲರಾದ ಮೂಲವನ್ನು ಊರ ಬಾವಿಯಲ್ಲಿ ಕಂಡ ಹಾಗೆಯೇ ಇದು.

ಮರುವರ್ಷ, ೧೯೭೯ರಲ್ಲಿ, ಐಬಿಎಂ ಕಂಪೆನಿಯ ಜೇಮ್ಸ್ ಝೀಗ್ಲರ್ ಮತ್ತು ಯೇಲ್ ವಿಶ್ವವಿದ್ಯಾನಿಲಯದ ವಿಲಿಯಂ ಲ್ಯಾನ್‌ಫೋರ್ಡ್ ಇನ್ನೊಂದು ಲೆಕ್ಕ ಮುಂದಿಟ್ಟರು. ಮಣ್ಣಿನಿಂದ ಬರುವ ಕಣ ಇಷ್ಟು ಮಾಡಬಲ್ಲದಾದರೆ ಆಕಾಶದಿಂದ ಬರುವುದು ಸುಮ್ಮನಿರುವುದೆ? ನಮ್ಮ ವಾತಾವರಣದ ನೆತ್ತಿಗೆ ವಿಶ್ವಕಿರಣಗಳು ಸದಾ ಬಡಿಯುತ್ತಿರುತ್ತವೆ. ಗಾಳಿಯ ಪರಮಾಣುಗಳು ಒಡೆದು ಕಣಗಳ ಮಳೆಯಾಗಿ ಕೆಳಗಿಳಿಯುತ್ತವೆ. ಆ ಮಳೆಯ ನ್ಯೂಟ್ರಾನ್ ಒಂದು ಸಿಲಿಕಾನ್ ಪರಮಾಣುವಿಗೆ ತಾಗಿದರೆ ಸಾಕು, ಅದರ ಚೂರುಗಳು ಆಲ್ಫಾ ಕಣ ಮಾಡುವ ಕೆಲಸವನ್ನೇ ಮಾಡುತ್ತವೆ. ಮೇಲೆ ಹೋದಂತೆ ಮಳೆ ಜೋರು. ಕ್ರೇ ಯಂತ್ರದ ೧೫೨ ತಪ್ಪುಗಳಿಗೆ ೨೦೧೦ರಲ್ಲಿ ಕೊಟ್ಟ ಉತ್ತರವೂ ಇದೇ.

ಐಬಿಎಂನವರು ಇದನ್ನು ಬಾಯಿಮಾತಿಗೆ ಬಿಡಲಿಲ್ಲ. ಚಿಪ್ಪುಗಳ ಕಂತೆಗಳನ್ನು ಕಟ್ಟಿಕೊಂಡು ಮೂರು ಸಾವಿರ ಮೀಟರ್ ಎತ್ತರದ ಲೆಡ್‌ವಿಲ್ ಊರಿಗೆ ಹೋದರು; ಸಮುದ್ರಮಟ್ಟದ ಹತ್ತಿರ ಇಟ್ಟರು; ಕೊನೆಗೆ ನೆಲದಡಿಯ ಕಲ್ಲಿನ ಮರೆಗೂ ಇಳಿಸಿದರು. ಎತ್ತರದಲ್ಲಿ ತಪ್ಪುಗಳು ಹೆಚ್ಚಿದುವು, ನೆಲದಡಿಯಲ್ಲಿ ಇಲ್ಲವೇ ಇಲ್ಲವೆಂಬಂತಾದುವು. ಆಕಾಶದ ಮಳೆ ತಪ್ಪಿಸಿಕೊಳ್ಳಲು ನೆಲದೊಳಕ್ಕೆ ಇಳಿಯುವ ಈ ಉಪಾಯ ನಮಗೆ ಹೊಸದಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ೧೯೫೦ರ ದಶಕದ ಆದಿಯಲ್ಲಿಯೇ ವಿಶ್ವಕಿರಣಗಳನ್ನು ಅಳೆಯುವ ಉಪಕರಣಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದಿದ್ದರು. ನ್ಯೂಟ್ರಾನಿಗೆ ಕೆಲವು ಮೀಟರ್ ಕಲ್ಲು ಸಾಕು. ಅವರು ಬೆನ್ನಟ್ಟಿದ್ದ ಮ್ಯೂಆನ್ ಎಂಬ ಕಣ ಅಷ್ಟಕ್ಕೆ ನಿಲ್ಲುವ ಜಾತಿಯದಲ್ಲ. ಅದು ಎಷ್ಟು ಆಳದಲ್ಲಿ ಎಷ್ಟು ಕಡಿಮೆಯಾಗುತ್ತದೆಂದು ನೋಡಲು ಅವರು ಆಳ ಆಳಕ್ಕೆ ಹೋಗಬೇಕಾಯಿತು. ೧೯೬೫ರಲ್ಲಿ ಅದೇ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಗಣಿ ೨೦೦೧ರಲ್ಲಿ ಮುಚ್ಚಿತು. ಇನ್ನು ನಮ್ಮ ಬೆಂಗಳೂರಿನ ಮಾತು. ಒಂಬೈನೂರು ಮೀಟರ್ ಎತ್ತರದಲ್ಲಿದ್ದರೂ ಅದು ಭೂಮಿಯ ಕಾಂತ ಸಮಭಾಜಕದ ಹತ್ತಿರವಿರುವುದರಿಂದ ವಿಶ್ವಕಿರಣಗಳಿಗೆ ಅಲ್ಲಿ ತಡೆ ಹೆಚ್ಚು. ಆಕಾಶವನ್ನು ದೂರುವ ಹಕ್ಕು ಲಾಸ್ ಅಲಾಮೋಸಿನವರಿಗೆ ಇರುವಷ್ಟು ಬೆಂಗಳೂರಿನ ಸರ್ವರುಗಳಿಗಿಲ್ಲ.

ಯಂತ್ರ ರಿಪೇರಿ ಮಾಡುವವರ ಹತ್ತಿರ ಒಂದು ಹಳೆಯ ಉಪಾಯವುಂಟು. ಮೆಮೊರಿಯ ಪಟ್ಟಿಯೊಂದರ ಮೇಲೆ ಸಂಶಯ ಬಂದರೆ ಅದನ್ನು ಕಿತ್ತು ಪಕ್ಕದ ಜಾಗಕ್ಕೆ ಚುಚ್ಚುತ್ತಾರೆ, ಪಕ್ಕದ್ದನ್ನು ಇಲ್ಲಿಗೆ. ಆಮೇಲೆ ಕಾದು ನೋಡುತ್ತಾರೆ. ತಪ್ಪು ಪಟ್ಟಿಯ ಬೆನ್ನು ಹತ್ತಿ ಹೋದರೆ ಕೆಟ್ಟದ್ದು ಪಟ್ಟಿ; ಇದ್ದಲ್ಲಿಯೇ ಉಳಿದರೆ ಕೆಟ್ಟದ್ದು ಜಾಗ. ಮಾಪನ ಯಂತ್ರವೂ ಬೇಡ, ಮಹಾ ವಿದ್ಯೆಯೂ ಬೇಡ, ತಾಳ್ಮೆ ಬೇಕು. ಇದೇ ಉಪಾಯ ಐಬಿಎಂನಂಥ ಸಂಸ್ಥೆಯನ್ನೂ ಒಮ್ಮೆ ಕಾಪಾಡಿತು. ೧೯೮೬ರಲ್ಲಿ ಅಲ್ಲಿಯ ಮೆಮೊರಿ ಚಿಪ್ಪುಗಳಲ್ಲಿ ಮೆದು ದೋಷಗಳು ಏಕಾಏಕಿ ಏರಿದುವು. ಅಮೆರಿಕದಲ್ಲಿ ಮಾಡಿದವುಗಳಲ್ಲಿ ಮಾತ್ರ ಈ ಕಾಟ. ಯೂರೋಪಿನಲ್ಲಿ ಅದೇ ನಕ್ಷೆಯಂತೆ ಮಾಡಿದವು ಆರೋಗ್ಯವಾಗಿದ್ದುವು. ಇಂಟೆಲ್ಲಿನ ಅನುಭವ ಎಲ್ಲರಿಗೂ ತಿಳಿದಿದ್ದುದರಿಂದ ಡಬ್ಬಿಯ ಮೇಲೆ ಸಂಶಯ ಬರುವುದು ಸಹಜ. ಅತ್ತಣ ಚಿಪ್ಪನ್ನು ಇತ್ತಣ ಡಬ್ಬಿಯಲ್ಲಿ, ಇತ್ತಣ ಚಿಪ್ಪನ್ನು ಅತ್ತಣ ಡಬ್ಬಿಯಲ್ಲಿ ಕೂರಿಸಿ ನೋಡಿದರು. ದೋಷ ಚಿಪ್ಪಿನ ಬೆನ್ನು ಹತ್ತಿತು. ಡಬ್ಬಿ ನಿರಪರಾಧಿ.

ಚಿಪ್ಪಿನೊಳಗೆ ಸಿಕ್ಕಿದ್ದು ಪೊಲೋನಿಯಂ. ಅದು ಅಲ್ಲಿಗೆ ಬಂದುದು ಹೇಗೆಂದು ಕಾರ್ಖಾನೆಯ ಒಂದೊಂದು ಮಜಲನ್ನೂ ಸೋಸುತ್ತಾ ಹೋದರು. ಕೆಲವು ಚಿಪ್ಪುಗಳಲ್ಲಿ ಏನೂ ಇಲ್ಲ, ಕೆಲವುಗಳಲ್ಲಿ ಅದು ಸಾವಿರ ಪಟ್ಟು. ಯಾವ ಕ್ರಮವೂ ಕಾಣದು. ಕಡೆಗೆ ಜಾಡು ಚಿಪ್ಪು ತೊಳೆಯುವ ನೈಟ್ರಿಕ್ ಆಮ್ಲಕ್ಕೆ ಬಂದಿತು. ಆಮ್ಲವೂ ಶುದ್ಧವೇ, ಕೆಲವು ಬಾಟಲಿಗಳ ಆಮ್ಲ ಮಾತ್ರ ಅಶುದ್ಧ. ಆಮ್ಲ ಒದಗಿಸುವವರ ಹತ್ತಿರ ಬಾಟಲಿ ತೊಳೆಯುವ ಯಂತ್ರವೊಂದಿತ್ತು. ಬಾಟಲಿಯೊಳಗಿನ ಧೂಳನ್ನು ಊದಿ ತೆಗೆಯುವ ಗಾಳಿಗೆ ವಿದ್ಯುದಂಶ ಕೊಡಲು ಅದರಲ್ಲಿ ಪೊಲೋನಿಯಂ ಇಟ್ಟಿದ್ದರು. ಆ ಪೊಲೋನಿಯಂನ ಕೋಶ ಸೋರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂದೊಂದು ಬಾಟಲಿಗೆ ಒಂದಿಷ್ಟು. ಇಲ್ಲಿ ಒಂದು ಬಾಟಲಿಯನ್ನು ಚೊಕ್ಕಟ ಮಾಡಹೋಗಿ, ಅಲ್ಲೆಲ್ಲಿಯೋ ಯಾರದೋ ಗಣಕ ನಡುರಾತ್ರಿಯಲ್ಲಿ ಮರೆವಿಗೆ ಬಿದ್ದಿತ್ತು. ಪತ್ತೇದಾರಿ ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತೆಂದು ಓದುಗರು ಪುಸ್ತಕ ಮುಚ್ಚಿಡುತ್ತಿದ್ದರು.

ಇಲ್ಲಿಯವರೆಗಿನ ಕತೆಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಒಂದೇ ಯಂತ್ರದ ಮುಂದೆ ಕುಳಿತು ಯಾರೂ ಈ ಬೇನೆಯನ್ನು ಕಂಡುಹಿಡಿಯಲಿಲ್ಲ. ಸಾವಿರ ಚಿಪ್ಪುಗಳನ್ನು ಒಟ್ಟಿಗಿಟ್ಟು ಎಣಿಸಿದವರಿಗೆ ಅದು ಕಂಡಿತು. ಹಾಗಾದರೆ ಎಣಿಸಲು ಬಿಡದಿದ್ದರೆ? ೨೦೦೦ದ ಸುಮಾರಿಗೆ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯ ದೊಡ್ಡ ಸರ್ವರುಗಳು, ಆಗತಾನೆ ಏಳುತ್ತಿದ್ದ ಇಂಟರ್‌ನೆಟ್ ವ್ಯಾಪಾರವನ್ನೆಲ್ಲ ಹೊತ್ತಿದ್ದಂಥವು, ಕಾರಣವಿಲ್ಲದೆ ಬೀಳತೊಡಗಿದುವು. ಅವುಗಳ ಪ್ರೊಸೆಸರಿನ ಮಗ್ಗುಲಲ್ಲಿ ಕ್ಯಾಶ್ ಎಂಬ ಚುರುಕಾದ ಸಣ್ಣ ಮೆಮೊರಿಯಿತ್ತು. ಅದಕ್ಕಿದ್ದುದು ಚಪ್ಪಲಿ ಎಣಿಸುವ ಕಾವಲು ಮಾತ್ರ, ಹ್ಯಾಮಿಂಗರದಲ್ಲ. ಒಂದು ಅಂಕಿ ತಿರುಗಿದರೆ ತಿದ್ದಲಾರದೆ ಯಂತ್ರ ನಿಲ್ಲಬೇಕು, ನಿಲ್ಲುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ 'ಫೋರ್ಬ್ಸ್' ಪತ್ರಿಕೆ ಇದನ್ನು ಬಯಲಿಗೆಳೆಯಿತು. ಕೆಲವು ಗ್ರಾಹಕರಿಂದ ಕಂಪೆನಿಯವರು, ಈ ವಿಷಯವನ್ನು ಹೊರಗೆ ಹೇಳುವುದಿಲ್ಲವೆಂದು ಕಾಗದಕ್ಕೆ ರುಜು ಮಾಡಿಸಿಕೊಂಡಿದ್ದರೆಂದೂ ಬರೆಯಿತು.

ವಾಚಕರು ಆ ಗ್ರಾಹಕರ ಜಾಗದಲ್ಲಿ ನಿಂತು ನೋಡಬೇಕು. ಲಕ್ಷಗಟ್ಟಲೆ ಡಾಲರಿನ ಯಂತ್ರ. ಅದು ಬಿದ್ದಾಗ ಕೋಣೆಯ ಶಾಖ ಹೆಚ್ಚಾಯಿತೇನೋ, ವಿದ್ಯುತ್ತು ಏರುಪೇರಾಯಿತೇನೋ, ನಮ್ಮ ಹುಡುಗರು ಬರೆದ ಪ್ರೋಗ್ರಾಮಿನಲ್ಲಿ ದೋಷವಿದೆಯೇನೋ ಎಂದು ತನ್ನ ಮನೆಯನ್ನೇ ಶೋಧಿಸುತ್ತಾನೆ. ಅದೇ ಬೇನೆ ಪಕ್ಕದೂರಿನವನಿಗೂ ಇದೆಯೆಂದು ತಿಳಿದಿದ್ದರೆ ಅರ್ಧ ರೋಗನಿರ್ಣಯ ಮುಗಿದಂತೆಯೇ ಆಗುತ್ತಿತ್ತು. ರಾತ್ರಿಯೆಲ್ಲ ಎದ್ದು ಕುಳಿತು ನಾಳೆ ಮೇಲಿನವರಿಗೆ ಏನು ಹೇಳಲಿ ಎಂದು ಯೋಚಿಸಿದ ಕೆಲಸಗಾರರು ಎಷ್ಟು ಮಂದಿಯೋ. ಕೆಲಸ ಕಳೆದುಕೊಂಡವರೂ ಇದ್ದಾರು. ಕಂಪೆನಿ ಆಮೇಲೆ ಕ್ಯಾಶಿನಲ್ಲಿ ಪ್ರತಿಯೊಂದನ್ನೂ ಎರಡೆರಡು ಕಡೆ ಬರೆದಿಡುವ ಹೊಸ ಪ್ರೊಸೆಸರುಗಳನ್ನು ತಂದಿತು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಓದಿಕೊಳ್ಳಬಹುದು. ಚಿಕಿತ್ಸೆ ಸಿಕ್ಕಿತು. ಗುಟ್ಟಿಗೆ ಏನು ಚಿಕಿತ್ಸೆ ಎಂಬುದು ಬೇರೆ ಪ್ರಶ್ನೆ.

ಇಷ್ಟರಲ್ಲಿ ವಿಶ್ವಕಿರಣವೆಂಬುದು ಯಂತ್ರಶಾಲೆಗಳಲ್ಲಿ ಒಂದು ಬಗೆಯ ಗ್ರಹಚಾರವಾಗಿಬಿಟ್ಟಿತ್ತು. ಕಾರಣ ತಿಳಿಯದೆ ಯಂತ್ರ ಬಿದ್ದರೆ, ಆಕಾಶದಿಂದ ಏನೋ ಬಂದು ಬಡಿದಿರಬೇಕು! ಗ್ರಹಚಾರದಲ್ಲಿ ಅನುಕೂಲವೇನೆಂದರೆ ಅದಕ್ಕೆ ಯಾರೂ ಹೊಣೆಯಲ್ಲ. ೨೦೦೯ರಲ್ಲಿ ಟೊರಾಂಟೋ ವಿಶ್ವವಿದ್ಯಾನಿಲಯದ ಬಿಯಾಂಕಾ ಶ್ರೋಡರ್ ಅವರು ಗೂಗಲ್ಲಿನ ಇಬ್ಬರೊಡನೆ ಸೇರಿ ಆ ಸಂಸ್ಥೆಯ ಸರ್ವರುಗಳ ಎರಡೂವರೆ ವರ್ಷಗಳ ದಾಖಲೆಯನ್ನು ಎಣಿಸಿ ಪ್ರಕಟಿಸಿದರು. ವರ್ಷದಲ್ಲಿ ಮೆಮೊರಿ ಪಟ್ಟಿಗಳಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಒಮ್ಮೆಯಾದರೂ ತಪ್ಪಿದ್ದುವು. ಯಂತ್ರಗಳಲ್ಲಿ ಸುಮಾರು ಮೂರರಲ್ಲಿ ಒಂದು ತಪ್ಪು ಕಂಡಿತ್ತು. ಹಿಂದೆ ಎಣಿಸಿದ್ದಕ್ಕಿಂತ ಇದು ಬಹಳ ಹೆಚ್ಚು. ಇನ್ನೂ ಮುಖ್ಯವಾದದ್ದು ಬೇರೆ. ಒಮ್ಮೆ ತಪ್ಪಿದ ಪಟ್ಟಿ ಅದೇ ತಿಂಗಳಲ್ಲಿ ಮತ್ತೆ ತಪ್ಪುವ ಸಂಭವ ಉಳಿದವಕ್ಕಿಂತ ೧೩ರಿಂದ ೨೨೮ ಪಟ್ಟು. ಮಳೆಯ ಹನಿ ಊರಲ್ಲೆಲ್ಲ ಬೀಳಬೇಕು. ಒಂದೇ ಮನೆಯೊಳಗೆ ಮತ್ತೆ ಮತ್ತೆ ನೀರು ಬಿದ್ದರೆ ಮಾಡು ಸೋರುತ್ತಿದೆಯೆಂದು ಅರ್ಥ. ತಪ್ಪುಗಳಲ್ಲಿ ಬಹುಪಾಲು ಮೆದು ದೋಷವಲ್ಲ, ಗಟ್ಟಿ ದೋಷ. ಪಟ್ಟಿಯೇ ಸೋತಿದೆ, ಬದಲಾಯಿಸಬೇಕು. ಶಾಖದ ಮೇಲೆ ಹೊರಿಸುತ್ತಿದ್ದ ಅಪವಾದವೂ ಬಹುಮಟ್ಟಿಗೆ ಸುಳ್ಳಾಯಿತು. ಮೂವತ್ತು ವರ್ಷ ಕಷ್ಟಪಟ್ಟು ಆಕಾಶದಲ್ಲಿ ಹಿಡಿದ ಕಳ್ಳನನ್ನು ಬಿಟ್ಟು ಮತ್ತೆ ಮನೆಯೊಳಗೆ ಹುಡುಕಬೇಕಾಗಿ ಬಂತು. ಆಕಾಶದ ಕಳ್ಳ ಇಲ್ಲವೆಂದಲ್ಲ. ಎಲ್ಲ ಕಳವೂ ಅವನದಲ್ಲ, ಅಷ್ಟೆ.

ಇವೆಲ್ಲ ಮೆಮೊರಿಯ ಮಾತು, ಮೆಮೊರಿಗೆ ಕಾವಲುಂಟು. ಲೆಕ್ಕ ಮಾಡುವ ಪ್ರೊಸೆಸರಿನ ಒಳಗೆ, ಕೂಡುವ ಗುಣಿಸುವ ಜಾಗದಲ್ಲಿಯೇ, ದೋಷವಿದ್ದರೆ? ಅಲ್ಲಿ ಕಾವಲು ಕಡಿಮೆ; ಅದು ತಪ್ಪಿದರೆ ಯಂತ್ರ ನಿಲ್ಲುವುದೂ ಇಲ್ಲ. ೨೦೨೧ರಲ್ಲಿ ಗೂಗಲ್ಲಿನವರು, ಕೆಲವು ಸಾವಿರ ಯಂತ್ರಗಳಿಗೆ ಕೆಲವಾದರೂ ಇಂಥ ಚಂಚಲ ಪ್ರೊಸೆಸರುಗಳು ತಮಗೆ ಸಿಗುತ್ತಿವೆಯೆಂದು ಬರೆದರು. ಅದೇ ವರ್ಷ ಫೇಸ್‌ಬುಕ್ ಸಂಸ್ಥೆಯ ಎ೦ಜಿನಿಯರುಗಳು ಒಂದು ಪ್ರಸಂಗವನ್ನು ವಿವರವಾಗಿ ಪ್ರಕಟಿಸಿದರು. ಅವರ ಸಂಗ್ರಹದಿಂದ ಆಗಾಗ ಕೆಲವು ಕಡತಗಳು ಮಾಯವಾಗುತ್ತಿದ್ದುವು. ಯಾವ ಸರ್ವರೂ ಬಿದ್ದಿರಲಿಲ್ಲ, ಯಾವ ದಾಖಲೆಯಲ್ಲಿಯೂ ದೋಷದ ಸುಳಿವಿರಲಿಲ್ಲ. ಒತ್ತಿ ಚಿಕ್ಕದು ಮಾಡಿಟ್ಟ ಕಡತವನ್ನು ಬಿಚ್ಚುವ ಮೊದಲು ಅದರ ಗಾತ್ರ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಗಾತ್ರ ಸೊನ್ನೆ ಎಂದು ಬಂದರೆ ಬಿಚ್ಚುವುದಕ್ಕೇನೂ ಇಲ್ಲವೆಂದು ಬಿಟ್ಟು ಮುಂದೆ ಹೋಗುತ್ತಾರೆ. ಹಾಗೆ ಸೊನ್ನೆ ಹೇಳುತ್ತಿದ್ದ ಒಂದು ಸರ್ವರನ್ನು, ಆ ಸರ್ವರಿನ ಅನೇಕ ಮಿದುಳುಗಳಲ್ಲಿ ೫೯ನೆಯ ಒಂದನ್ನು, ಅವರು ಬಹಳ ದಿನ ಸೋಸಿ ಹಿಡಿದರು. ಲಕ್ಷಗಟ್ಟಲೆ ಸಾಲುಗಳ ಪ್ರೋಗ್ರಾಮನ್ನು ಕತ್ತರಿಸುತ್ತ ಕತ್ತರಿಸುತ್ತ ಅರವತ್ತು ಸಾಲಿಗೆ ಇಳಿಸಿದಾಗ ಕಳ್ಳ ಸಿಕ್ಕಿಬಿದ್ದ. ೧.೧ನ್ನು ಅದರಿಂದಲೇ ಗುಣಿಸುತ್ತ ೫೩ನೆಯ ಘಾತಕ್ಕೆ ಹೋದರೆ ೧೫೬ ಬರಬೇಕು. ಆ ಮಿದುಳು ಸೊನ್ನೆ ಎನ್ನುತ್ತಿತ್ತು. ೫೨ನೆಯ ಘಾತ ಎಷ್ಟೆಂದು ಕೇಳಿದರೆ ೧೪೨ ಎಂದು ಸರಿಯಾಗಿಯೇ ಹೇಳುತ್ತಿತ್ತು.